ಚಕ್ರವರ್ತಿಯ ಧ್ವನಿ, ಅಪ್ಪನ ಬೆರಳು

ಕಾಲು ಕೆಜಿ ಕಾಫಿಪುಡಿ ಕೇಳಬೇಕಾದರೆ ನಾನು ಚಕ್ರವರ್ತಿಯಾಗಬೇಕಿತ್ತು. ತಮಾಷೆಗೆ ಹೇಳುತ್ತಿಲ್ಲ. ಜಯನಗರ ಮೂರನೇ ಬ್ಲಾಕಿನ ನಮ್ಮ ಬಾಡಿಗೆ ಮನೆಯಿಂದ ನಾಲ್ಕನೇ ಬ್ಲಾಕಿನ ಕಾಫಿಪುಡಿ ಅಂಗಡಿಯವರೆಗೆ ಎರಡು ಜಡೆಯ ಸಾಧಾರಣ ಹುಡುಗಿಯಾಗಿ ನಡೆದುಹೋಗುತ್ತಿದ್ದೆ. ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆ ಬೆನ್ನು ನೆಟ್ಟಗಾಗುತ್ತಿತ್ತು, ಗದ್ದ ಮೇಲೇಳುತ್ತಿತ್ತು, ಎಡಗೈ ತಾನಾಗಿ ಸೊಂಟಕ್ಕೆ ಹೋಗಿ ಅಲ್ಲಿಲ್ಲದ ಕತ್ತಿಯ ಹಿಡಿಯ ಮೇಲೆ ಕೂರುತ್ತಿತ್ತು. ಆಮೇಲೆ ಹೊಟ್ಟೆಯಿಂದ ಎತ್ತಿ ತಂದ ಗಡಸು ಧ್ವನಿಯಲ್ಲಿ ಹೇಳುತ್ತಿದ್ದೆ:

“ಅಂಗಡಿಯವರೇ, ಕಾಲು ಕೆಜಿ ಕಾಫಿಪುಡಿ ಕಟ್ಟಿಸಿರಿ. ಮನೆಯಲ್ಲಿ ಕಾಯುತ್ತಿದ್ದಾರೆ.”

ಮೊದಲ ಸಲ ಅಂಗಡಿಯವರು ನನ್ನ ಹಿಂದೆ ಯಾರಾದರೂ ದೊಡ್ಡವರು ನಿಂತಿದ್ದಾರೇನೋ ಎಂದು ಇಣುಕಿ ನೋಡಿದರು. ಎರಡನೇ ಸಲಕ್ಕೆ ಅವರಿಗೂ ಆಟ ಹಿಡಿಸಿತು. “ಅಪ್ಪಣೆ, ಮಹಾಪ್ರಭು” ಅಂದು ಬಿಸಿ ಪುಡಿಯನ್ನು ಕವರಿಗೆ ಸುರಿದು ಕೊಟ್ಟರು. ನಾನು ಗಂಭೀರವಾಗಿ ತಲೆಯಾಡಿಸಿ, ಚಿಲ್ಲರೆ ಈಸಿಕೊಂಡು, ಮೆಟ್ಟಿಲಿಳಿದು ಮತ್ತೆ ಹುಡುಗಿಯಾಗಿ ಮನೆಗೆ ಓಡಿದೆ. ಆ ವಯಸ್ಸಿನಲ್ಲಿ ಅಷ್ಟು ದೊಡ್ಡ ಗೆಲುವು ನನಗೆ ಇನ್ನೊಂದು ಗೊತ್ತಿರಲಿಲ್ಲ.

ನನಗೆ ಉಗ್ಗು. ಇತ್ತು ಅನ್ನುವುದಿಲ್ಲ, ಈಗಲೂ ಇದೆ. ಅದನ್ನು ಜೊತೆಗಿಟ್ಟುಕೊಂಡೇ ಕಪ್ಪು ಕೋಟು ತೊಟ್ಟು ಕೋರ್ಟುಗಳಲ್ಲಿ ವಾದ ಮಾಡುತ್ತ ವಯಸ್ಸಾಗಿದ್ದೇನೆ. ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು, ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಆದರೆ ಹತ್ತು ವರ್ಷದವಳಿದ್ದಾಗ ‘ಕ’ ಅನ್ನುವ ಅಕ್ಷರ ಗಂಟಲಲ್ಲಿ ಅಡ್ಡ ನಿಂತರೆ ಪ್ರಪಂಚವೇ ಅಲ್ಲಿಗೆ ನಿಂತುಬಿಡುತ್ತಿತ್ತು. ನಮ್ಮ ಅಡುಗೆಮನೆಯ ಅರ್ಧ ಸಾಮಾನು ಆ ಅಕ್ಷರದಲ್ಲೇ ಶುರುವಾಗುತ್ತಿದ್ದುದು ನನ್ನ ಗ್ರಹಚಾರ: ಕಡಲೆಬೇಳೆ, ಕೊತ್ತಂಬರಿ, ಕರಿಬೇವು, ಕಾಯಿ, ಕಾಫಿಪುಡಿ. ಅದಕ್ಕಿಂತ ದೊಡ್ಡ ಗ್ರಹಚಾರ, ಅಪ್ಪನ ಅಮ್ಮ, ಅಂದರೆ ನಮ್ಮ ಅಜ್ಜಿ, ಮನೆದೇವರ ಹೆಸರಿಡಬೇಕೆಂದು ಹಟ ಹಿಡಿದು ನನಗೆ ಕಾತ್ಯಾಯಿನಿ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಎಲ್ಲರೂ ಪುಟ್ಟಿ ಅನ್ನುತ್ತಿದ್ದರಾದ್ದರಿಂದ ಆ ಹೆಸರನ್ನು ನಾನು ಹೇಳಬೇಕಾಗಿ ಬರುತ್ತಿದ್ದುದು ಕಡಿಮೆ. ನಾನು ಬಾಯಿ ತೆರೆದು ಸಿಕ್ಕಿಕೊಂಡ ಕೂಡಲೇ ಯಾರಾದರೊಬ್ಬರು ಉಳಿದದ್ದನ್ನು ಮುಗಿಸಿಬಿಡುತ್ತಿದ್ದರು. “ನಂಗೆ ಕೋ...” ಅಂದರೆ ಅಜ್ಜಿ “ಕೋಡುಬಳೆ ಬೇಕಾ, ತಗೋ” ಅನ್ನುತ್ತಿದ್ದರು. ನನಗೆ ಕೋಪ ಬಂದಿದೆ ಎಂದು ಹೇಳಹೊರಟಿದ್ದರೂ ಕೈಗೆ ಕೋಡುಬಳೆ ಬಂದಿರುತ್ತಿತ್ತು. ಅದು ಅವರ ಪ್ರೀತಿ, ನನಗೆ ಗೊತ್ತು. ಆದರೂ ನನ್ನ ಬಾಲ್ಯದ ಬಹುಪಾಲು ವಾಕ್ಯಗಳನ್ನು ಬೇರೆಯವರೇ ಆಡಿ ಮುಗಿಸಿದ್ದಾರೆ.

ನಮ್ಮ ಮನೆಯಲ್ಲಿ ಯಾವುದನ್ನು ಕಲಿಯಬೇಕಾದರೂ ಎರಡು ದಾರಿಗಳಿದ್ದವು, ಅವೆರಡಕ್ಕೂ ಸದಾ ಜಗಳ. ಅಪ್ಪ ವಿಮೆ ಆಫೀಸಿನಲ್ಲಿ ಗುಮಾಸ್ತರು, ಅವರದು ಪುಸ್ತಕದ ದಾರಿ. ಭಾನುವಾರ ಅವೆನ್ಯೂ ರಸ್ತೆಯ ಫುಟ್‌ಪಾತಿಗೆ ಹೋಗಿ ಹಳೆಯ ಪುಸ್ತಕಗಳನ್ನು ಹೊತ್ತು ತರುವರು: ಗುಲಾಬಿ ಬೆಳೆಸುವುದು ಹೇಗೆ, ರೇಡಿಯೋ ರಿಪೇರಿ, ಕಣ್ಣಿನ ವ್ಯಾಯಾಮ, ಮರಗೆಲಸ. ಓದದೆ ಏನನ್ನೂ ಮುಟ್ಟುವಂತಿರಲಿಲ್ಲ. ಪ್ರೆಷರ್ ಕುಕ್ಕರ್ ಬಂದ ದಿನ ಅದರ ಜೊತೆಗಿದ್ದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಎಲ್ಲರಿಗೂ ಓದಿ ಹೇಳುವ ಹೊತ್ತಿಗೆ ಊಟದ ಹೊತ್ತು ಮೀರಿ, ಅಜ್ಜಿ ಅವಲಕ್ಕಿ ಕಲಸಿಕೊಂಡು ತಿಂದಿದ್ದರು. ಈಜನ್ನೂ ಪುಸ್ತಕದಿಂದಲೇ ಕಲಿತವರು ಅಪ್ಪ. ಹಜಾರದ ಬೆಂಚಿನ ಮೇಲೆ ಬೋರಲು ಮಲಗಿ ಪುಸ್ತಕ ನೋಡಿಕೊಂಡು ಕೈಕಾಲು ಆಡಿಸುತ್ತಿದ್ದರು, ನೀರಿಗೆ ಇಳಿದದ್ದನ್ನು ನಾನು ಕಂಡಿಲ್ಲ. ಹಾಗೆಂದು ನಗುವಂತೆಯೂ ಇಲ್ಲ. ಮರಗೆಲಸದ ಪುಸ್ತಕ ಓದಿ ಅವರು ಮಾಡಿದ ಕಪಾಟು ಇವತ್ತೂ ಪುಟ್ಟೇನಹಳ್ಳಿಯ ನನ್ನ ಫ್ಲಾಟಿನಲ್ಲಿ ಒಂದಿಷ್ಟೂ ಓಲಾಡದೆ ನಿಂತಿದೆ.

ಅಮ್ಮನದು ಸಿನಿಮಾದ ದಾರಿ. ವಾರಕ್ಕೊಮ್ಮೆ ಮಧ್ಯಾಹ್ನ ಅಡುಗೆಮನೆ ತೊಳೆದು, ಅಜ್ಜಿಗೆ ಕಾಫಿ ಫ್ಲಾಸ್ಕಿಗೆ ಹಾಕಿಟ್ಟು, ಪಕ್ಕದ ಮನೆಯವರ ಜೊತೆ ಮ್ಯಾಟಿನಿಗೆ ಹೋಗಿ ಹೆಂಗಸರ ಸಾಲಿನಲ್ಲಿ ನಿಲ್ಲುತ್ತಿದ್ದಳು. ರವಿಕೆಯ ತೋಳು ಎಷ್ಟು ಉದ್ದವಿರಬೇಕು, ಬಂದ ನೆಂಟರನ್ನು ಹೇಗೆ ಎದುರುಗೊಳ್ಳಬೇಕು, ಡಾಕ್ಟರ ಎದುರು ಹೆದರದೆ ಹೇಗೆ ಪ್ರಶ್ನೆ ಕೇಳಬೇಕು, ಎಲ್ಲವನ್ನೂ ಅವಳು ತೆರೆಯ ಮೇಲೆ ನೋಡಿ ಕಲಿತವಳು. ನೀರಿನ ಕನೆಕ್ಷನ್ ವಿಷಯಕ್ಕೆ ಆಫೀಸಿನವರು ತಿಂಗಳುಗಟ್ಟಲೆ ಅಪ್ಪನನ್ನು ಅಲೆಸಿದ್ದಾಗ ಅಮ್ಮ ಒಂದೇ ಸಲ ಹೋಗಿ ಮೇಜಿನ ಮುಂದೆ ಕೈಕಟ್ಟಿ ನಿಂತು, “ನಾನು ಇಲ್ಲಿಂದ ಹೋಗೋದು ನೀರು ಬಂದ್ಮೇಲೆ” ಅಂದು ಕೆಲಸ ಮುಗಿಸಿಕೊಂಡು ಬಂದಳು. ಆ ಮಾತು ಎಲ್ಲಿಂದ ಬಂತೆಂದು ಅಪ್ಪ ಕೇಳಿದರೆ, ಹಿಂದಿನ ವಾರ ನೋಡಿದ್ದ ಸಿನಿಮಾದ ಕಥೆ ಹೇಳತೊಡಗಿದಳು.

ನನ್ನ ಉಗ್ಗೂ ಈ ಇಬ್ಬರ ನಡುವೆ ಬಂತು. ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚಿ ಹಚ್ಚಿ ಸೋತಿದ್ದರು, ಕಹಿಯೊಂದೇ ಉಳಿದಿತ್ತು. ಅಪ್ಪ ಎಲ್ಲಿಂದಲೋ ಮಾತಿನ ದೋಷಗಳ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ ತಂದು, ಪೆನ್ಸಿಲಿನಲ್ಲಿ ಗೆರೆ ಎಳೆದು ಓದಿ, ನನ್ನನ್ನು ದಿನವೂ ಕನ್ನಡಿಯ ಮುಂದೆ ಕೂರಿಸಿದರು. ಉಸಿರು ಎಳೆದುಕೋ, ತುಟಿ ಸಡಿಲ ಬಿಡು, ನಿಧಾನವಾಗಿ ಹೇಳು. ಕನ್ನಡಿಯಲ್ಲಿ ನನ್ನ ಬಾಯಿ ಸೊಟ್ಟಗಾಗಿ ನಿಂತದ್ದನ್ನು ಮೊದಲ ಸಲ ನಾನೇ ಕಂಡು ಅತ್ತೆ. ಹೀಗೆ ಕಾಣಿಸುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಅದೇ ಸಮಯದಲ್ಲಿ ಅಮ್ಮ ನನ್ನನ್ನು ಒಂದು ರಾಜರ ಕಾಲದ ಸಿನಿಮಾಕ್ಕೆ ಕರೆದುಕೊಂಡು ಹೋದಳು. ಮಾರನೆಯ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು, ಯಾರೂ ಇಲ್ಲವೆಂದುಕೊಂಡು, ಕೈಯಲ್ಲೊಂದು ಪೊರಕೆಕಡ್ಡಿ ಹಿಡಿದು ನಾನು ಗರ್ಜಿಸುತ್ತಿದ್ದೆ:

“ಕೋಟೆಯ ಕದ ತೆರೆಯಿರಿ. ಈ ಕೈ ಕತ್ತಿ ಹಿಡಿದದ್ದು ಕಾಯುವುದಕ್ಕೆ, ಕೊಲ್ಲುವುದಕ್ಕಲ್ಲ.”

ಹಿಂದೆ ಅಮ್ಮ ಬಕೆಟ್ಟು ಹಿಡಿದು ನಿಂತಿದ್ದಳು. ಎಲ್ಲ ಕಕಾರಗಳೂ ಒಂದರ ಹಿಂದೊಂದು ಸಲೀಸಾಗಿ ಹೊರಬಂದಿದ್ದವು. ಅವಳು ಬಕೆಟ್ಟನ್ನು ಕೆಳಗಿಟ್ಟು, ಒದ್ದೆ ಕೈಯಲ್ಲೇ ನನ್ನ ಮುಖ ಹಿಡಿದು, “ಇನ್ನೊಂದ್ಸಲ ಹೇಳು” ಅಂದಳು. ಹೇಳಿದೆ. ಅವತ್ತಿನಿಂದ ಅಮ್ಮ ನನ್ನ ಸಂಭಾಷಣೆಗಾರ್ತಿಯಾದಳು. ಅಂಗಡಿಯಲ್ಲಿ ಹೇಳಬೇಕಾದ್ದನ್ನು, ಶಾಲೆಯಲ್ಲಿ ಕೇಳಬೇಕಾದ್ದನ್ನು ಸಾರು ಕುದಿಸುತ್ತಲೇ ರಾಜರ ಮಾತಿಗೆ ತಿರುಗಿಸಿ ಕೊಡುತ್ತಿದ್ದಳು, ಸೌಟು ಹಿಡಿದು ಅಭಿನಯಿಸಿ ತೋರಿಸುತ್ತಿದ್ದಳು. ಬಾತ್‌ರೂಮಿಗೆ ಹೋಗಬೇಕೆಂದು ತರಗತಿಯಲ್ಲಿ ಚಕ್ರವರ್ತಿಯ ಠೀವಿಯಿಂದ ಕೇಳಿದ ಹುಡುಗಿ ಇಡೀ ಜಯನಗರದಲ್ಲಿ ನಾನೊಬ್ಬಳೇ ಇರಬೇಕು. ಹುಡುಗಿಯರು ನಕ್ಕರು. ಆದರೆ ಮೊದಲು ನಗುತ್ತಿದ್ದ ನಗೆಯೇ ಬೇರೆ, ಇದು ಬೇರೆ. ಈ ನಗೆಯನ್ನು ನಾನು ಬೇಕೆಂದೇ ಬರಿಸುತ್ತಿದ್ದೆ.

ಅಪ್ಪನಿಗೆ ಇದು ಸರಿಬರಲಿಲ್ಲ. ಊಟಕ್ಕೆ ಕೂತಾಗ ಒಂದು ದಿನ ಹೇಳಿಯೇ ಬಿಟ್ಟರು.

“ಅವಳನ್ನ ನಾಟಕದವಳು ಮಾಡಿಟ್ಟೆ ನೀನು. ನಾಳೆ ಲೆಕ್ಕ ಕೇಳಿದ್ರೆ ಕತ್ತಿ ಹಿಡ್ಕೊಂಡೇ ಉತ್ತರ ಹೇಳ್ತಾಳಾ?”

“ಹೇಳ್ಲಿ ಬಿಡಿ. ಹೇಳ್ತಾಳಲ್ಲ.”

“ಅದು ಅವಳ ಮಾತಲ್ಲ ಕಣೇ. ಯಾರೋ ಬರೆದಿದ್ದು, ಇನ್ಯಾರೋ ಆಡಿದ್ದು.”

“ನಿಮ್ಮ ಪುಸ್ತಕದಲ್ಲಿರೋದೇನು ನೀವು ಬರೆದಿದ್ದಾ?”

ಅಜ್ಜಿ ಇಬ್ಬರಿಗೂ ಹುಳಿ ಬಡಿಸಿ ಬಾಯಿ ಮುಚ್ಚಿಸಿದರು. ಅಪ್ಪ ಆಮೇಲೆ ಕನ್ನಡಿಯ ಪಾಠ ಬಿಟ್ಟರು. ಅದರ ಬದಲು ಸಂಜೆ ಆಫೀಸಿನಿಂದ ಬಂದು, ಕಾಫಿ ಕುಡಿದು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೇ ಪುಸ್ತಕವನ್ನು ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಓದುವ ರೂಢಿ ಹಾಕಿದರು. ಅವರ ತೋರುಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು. ಅವರ ಧ್ವನಿಯ ಜೊತೆ ನನ್ನ ಧ್ವನಿ ಸೇರಿದರೆ ಉಗ್ಗು ಮಾಯ. ಸ್ವಲ್ಪ ದಿನಗಳಾದ ಮೇಲೆ ಅವರು ಕಳ್ಳತನದಿಂದ ದನಿ ತಗ್ಗಿಸತೊಡಗಿದರು. ನಾನೊಬ್ಬಳೇ ಓದುತ್ತಿದ್ದೇನೆಂದು ಗೊತ್ತಾದ ಕ್ಷಣ ಯಾವುದೋ ಪದದಲ್ಲಿ ಸಿಕ್ಕಿಕೊಳ್ಳುತ್ತಿದ್ದೆ. ಆಗ ಅಪ್ಪನ ಬೆರಳು ಆ ಪದದ ಕೆಳಗೇ ನಿಂತುಬಿಡುತ್ತಿತ್ತು. ಮುಂದೆ ಹೋಗುತ್ತಿರಲಿಲ್ಲ, ಅವರು ಪದವನ್ನು ಹೇಳಿಕೊಡುತ್ತಲೂ ಇರಲಿಲ್ಲ. ಅಡುಗೆಮನೆಯಿಂದ ಅಮ್ಮ ತಡೆಯಲಾರದೆ ಆ ಪದವನ್ನು ಕೂಗಿ ಹೇಳಿದರೆ ಕೈಯೆತ್ತಿ ಅವಳನ್ನು ಗದರುತ್ತಿದ್ದರು.

“ಪದ ಎಲ್ಲೂ ಓಡಿಹೋಗಲ್ಲ ಪುಟ್ಟಿ. ಇಲ್ಲೇ ಇದೆ ನೋಡು. ನಿಂಗೆ ಯಾವಾಗ ಬೇಕೋ ಆವಾಗ ತಗೋ.”

ಸಿನಿಮಾದ ಮಾತು ಹೀಗೆ ಕಾಯುವುದಿಲ್ಲ. ಕೇಳಿಸಿಕೊಳ್ಳದಿದ್ದರೆ ಹೋಯಿತು, ಮತ್ತೆ ಟಿಕೆಟ್ಟು ಕೊಂಡು ಹೋಗಿಯೇ ಕೇಳಬೇಕು. ಪುಸ್ತಕ ಮಾತ್ರ ನನ್ನಂಥ ನಿಧಾನಿಯ ಮುಂದೆಯೂ ಮುಖ ಸಿಂಡರಿಸದೆ ತೆರೆದುಕೊಂಡು ಕೂತಿರುತ್ತಿತ್ತು. ಹಾಗೆ ನೋಡಿದರೆ, ನಡುವೆ ನಿಂತು ಕಾಯಬಹುದು ಎನ್ನುವುದನ್ನು ನಾನು ಕಲಿತದ್ದು ಪುಸ್ತಕದಿಂದ. ಆದರೆ ನಿಂತಿರುವಾಗ ಮುಖವನ್ನು ಎಲ್ಲಿಟ್ಟುಕೊಳ್ಳಬೇಕು ಎಂಬುದನ್ನು ಅದು ಹೇಳಿಕೊಡಲಿಲ್ಲ. ನಾನು ಪುಟದೊಳಗೆ ತಲೆ ತಗ್ಗಿಸಿಕೊಂಡೇ ಇರುತ್ತಿದ್ದೆ.

ಆ ವರ್ಷ ನನ್ನನ್ನು ಮಿಡ್ಲ್‌ಸ್ಕೂಲಿಗೆ ಸೇರಿಸಬೇಕಾಗಿತ್ತು. ಅಮ್ಮನಿಗೆ ಐದನೇ ಬ್ಲಾಕಿನ ಕಡೆಯ ಹೆಣ್ಣುಮಕ್ಕಳ ಶಾಲೆಯೊಂದರ ಮೇಲೆ ಆಸೆ. ಅಲ್ಲಿ ಓದಿದ ಹುಡುಗಿಯರು ಡಾಕ್ಟರೋ ವಕೀಲರೋ ಆಗುತ್ತಾರೆಂಬ ಹೆಸರಿತ್ತು. ಅಲ್ಲಿ ಸೇರಿಸಿಕೊಳ್ಳುವ ಮೊದಲು ಹೆಡ್ಮಿಸ್ಸು ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಮೊದಲನೇ ಪ್ರಶ್ನೆ ಎಲ್ಲರಿಗೂ ಗೊತ್ತಿತ್ತು: ನಿನ್ನ ಹೆಸರೇನು. ಮಾತಾಡಲು ಬಾರದ ಮಗುವನ್ನು ಮಂದಬುದ್ಧಿಯೆಂದು ಒಂದೇ ಗಳಿಗೆಯಲ್ಲಿ ವಾಪಸು ಕಳಿಸುತ್ತಾರೆಂದು ಪಕ್ಕದ ಮನೆಯವರು ಹೇಳಿ ಹೋಗಿದ್ದರು. ಅವತ್ತಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ.

“ನಾನು ಮೊದಲೇ ಹೋಗಿ ಹೇಳ್ತೀನಿ, ಇವಳು ಉತ್ತರ ಬರೆದು ತೋರಿಸ್ತಾಳೆ ಅಂತ” ಅಂದರು ಅಪ್ಪ.

“ಬರೆದು ತೋರ್ಸೋಕೆ ಅವಳೇನು ಮೂಗೀನಾ?” ಅಮ್ಮನ ಕಣ್ಣಲ್ಲಿ ನೀರು ಬಂದಿತ್ತು. “ನಾನು ಡೈಲಾಗ್ ಮಾಡಿಕೊಡ್ತೀನಿ. ನಿಮ್ಮ ಪಾಡಿಗೆ ನೀವಿರಿ.”

ಅಮ್ಮ ಮಾಡಿಕೊಟ್ಟಳು. ಸೊಂಟದ ಮೇಲೆ ಕೈಯಿಟ್ಟು ಶುರುಮಾಡಿದೆ, ‘ನನ್ನ ಹೆಸರು’ ಅನ್ನುವವರೆಗೆ ಗಂಟೆ ಹೊಡೆದಂತೆ ಬಂತು, ಅಲ್ಲಿಗೆ ನಿಂತಿತು. ಮತ್ತೆ ಮಾಡಿದೆ, ಮತ್ತೆ ಅಲ್ಲಿಗೇ ನಿಂತಿತು. ಕೋಟೆ, ಕತ್ತಿ, ಕಾಫಿಪುಡಿ ಎಲ್ಲವನ್ನೂ ಹೇಳಬಲ್ಲ ಚಕ್ರವರ್ತಿಗೆ ಕಾತ್ಯಾಯಿನಿ ಮಾತ್ರ ಬರುತ್ತಿರಲಿಲ್ಲ, ಯಾಕೆಂದರೆ ಅವನ ಹೆಸರು ಅದಲ್ಲ. ನಾನು ಯಾರೆಂದು ಹೇಳುವಾಗ ಇನ್ನೊಬ್ಬರ ಧ್ವನಿ ಕೈಕೊಡುತ್ತಿತ್ತು. ಅಪ್ಪ ಸ್ಲೇಟಿನ ಮೇಲೆ ನನ್ನ ಹೆಸರು ಬರೆದು ಬೆರಳಿಟ್ಟರು. ಅವರ ಜೊತೆ ಹೇಳಿದರೆ ಬಂತು, ಅವರು ನಿಲ್ಲಿಸಿದರೆ ನಿಂತಿತು. ಹೆಡ್ಮಿಸ್ಸಿನ ಕೋಣೆಯಲ್ಲಿ ನನ್ನ ಜೊತೆ ಸೇರಿ ನನ್ನ ಹೆಸರನ್ನು ಯಾರು ಹೇಳುತ್ತಾರೆ? ಅಪ್ಪ, ಅಮ್ಮ ಮೊದಲ ಬಾರಿಗೆ ಜಗಳವಾಡದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ನನಗೆ ಅವರ ಜಗಳಕ್ಕಿಂತ ಅದೇ ಹೆಚ್ಚು ಹೆದರಿಕೆ ತಂದಿತು.

ಇಂಟರ್‌ವ್ಯೂವಿನ ಹಿಂದಿನ ದಿನ ಅಮ್ಮ ಏನೂ ತೋಚದೆ ನನ್ನನ್ನು ಮತ್ತೆ ಅದೇ ಸಿನಿಮಾಕ್ಕೆ ಕರೆದುಕೊಂಡು ಹೋದಳು. ಅಷ್ಟು ಹೊತ್ತಿಗೆ ಅದು ನಮ್ಮ ಟಾಕೀಸಿನಿಂದ ಎದ್ದು ಬನಶಂಕರಿ ಕಡೆಯ ಟೆಂಟಿಗೆ ಬಂದಿತ್ತು. ಮರಳಿನ ಮೇಲೆ ಕಾಲು ಮಡಚಿ ಕೂತೆವು. ಸುತ್ತ ಕಡಲೆಕಾಯಿ ಸಿಪ್ಪೆ, ಅಳುವ ಮಕ್ಕಳು, ಬೀಡಿಯ ಹೊಗೆ. ಮಾತುಗಳೆಲ್ಲ ನನಗೆ ಬಾಯಿಪಾಠವಾಗಿದ್ದರಿಂದ ಈ ಸಲ ಮಾತಿಲ್ಲದ ಜಾಗಗಳು ಕಣ್ಣಿಗೆ ಬಿದ್ದವು. ಒಂದು ಕಡೆ ಆಸ್ಥಾನದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುವಾಗ ಚಕ್ರವರ್ತಿ ಸುಮ್ಮನೆ ಅಂಗೈ ಎತ್ತುತ್ತಾನೆ, ಅಷ್ಟಕ್ಕೇ ಎಲ್ಲರೂ ತೆಪ್ಪಗಾಗುತ್ತಾರೆ. ಇನ್ನೊಂದು ಕಡೆ ಯುದ್ಧದಲ್ಲಿ ಮಗ ಸತ್ತ ಸುದ್ದಿ ಬರುತ್ತದೆ. ಚಕ್ರವರ್ತಿ ಮಗನ ಹೆಸರು ಹಿಡಿದು ಕರೆಯಲು ಬಾಯಿ ತೆರೆಯುತ್ತಾನೆ, ಹೆಸರು ಬರುವುದಿಲ್ಲ. ತುಟಿ ನಡುಗುತ್ತದೆ, ಮತ್ತೆ ಪ್ರಯತ್ನಿಸುತ್ತಾನೆ, ಬರುವುದಿಲ್ಲ. ಮೊದಲ ಸಲ ನೋಡಿದಾಗ ನಾನು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದ ದೃಶ್ಯವದು. ಈಗ ಕಣ್ಣು ಬಿಟ್ಟು ನೋಡಿದೆ. ನನಗೆ ಆಗುವುದೇ ಅವನಿಗೂ ಆಗುತ್ತಿತ್ತು. ತಿರುಗಿ ಟೆಂಟನ್ನು ನೋಡಿದೆ. ಕಡಲೆಕಾಯಿ ಬಿಡಿಸುವವರ ಕೈ ನಿಂತಿತ್ತು. ಅಷ್ಟು ಜನರಿಗೂ ಆ ಹೆಸರು ಗೊತ್ತು, ಆದರೂ ಒಬ್ಬರೂ ಅವನ ಮಾತನ್ನು ಮುಗಿಸಿಕೊಡಲಿಲ್ಲ. ಅವನಿಗೆ ಬರುವವರೆಗೆ ಎಲ್ಲರೂ ಕಾದರು. ಅವನು ತಲೆಯನ್ನೂ ತಗ್ಗಿಸಲಿಲ್ಲ. ಕೊನೆಗೆ ಆ ಹೆಸರು ಹರಿದು ಚೂರಾಗಿ ಬಂತು, ನನ್ನ ಪಕ್ಕದ ಹೆಂಗಸು ಬಿಕ್ಕಿ ಬಿಕ್ಕಿ ಅತ್ತಳು.

ಮನೆಗೆ ನಡೆದು ಬರುವಾಗ ಅಮ್ಮನ ಕೈ ಹಿಡಿದು ನಿಲ್ಲಿಸಿದೆ. ಚಕ್ರವರ್ತಿಯ ಧ್ವನಿ ತೆಗೆಯಲಿಲ್ಲ. ನನ್ನ ಧ್ವನಿಯಲ್ಲೇ, ಎಷ್ಟು ಹೊತ್ತಾಯಿತೋ, ಹೇಳಿದೆ.

“ನಾ... ನಾಳೆ ನೀ... ನೀನೂ ಅಪ್ಪನೂ ಏನೂ ಹೇಳ್ಕೊಡ್ಬಾರ್ದು.”

ಅಮ್ಮನ ಮುಖ ಸಣ್ಣದಾಯಿತು. ಇಷ್ಟು ದಿನ ನನ್ನ ಮಾತಿಗೆ ಊರುಗೋಲಾದವಳಿಗೆ ನಾನು ದೂರ ನಿಲ್ಲೆಂದು ಹೇಳಿದ್ದೆ. ಸ್ವಲ್ಪ ದೂರ ನಡೆದ ಮೇಲೆ “ಆಯ್ತು” ಅಂದಳು. ಮನೆಯಲ್ಲಿ ಅಪ್ಪನಿಗೂ ಅವಳೇ ಹೇಳಿದಳು. ಅಪ್ಪ ಕನ್ನಡಕ ತೆಗೆದು ಒರೆಸಿ ನನ್ನನ್ನು ನೋಡಿದರು. “ಖಂಡಿತಾನಾ?” ಅಂದರು. ತಲೆಯಾಡಿಸಿದೆ. “ಸರಿ ಹಾಗಾದ್ರೆ” ಅಂದರು.

ಹೆಡ್ಮಿಸ್ಸಿನ ಕೋಣೆಯಲ್ಲಿ ದೊಡ್ಡ ಮೇಜು, ಅದರಾಚೆ ಬಿಳಿ ಸೀರೆಯ, ದಪ್ಪ ಕನ್ನಡಕದ ಹೆಂಗಸು. ನನ್ನ ಒಂದು ಪಕ್ಕ ಅಪ್ಪ, ಇನ್ನೊಂದು ಪಕ್ಕ ಅಮ್ಮ. ಹೆಡ್ಮಿಸ್ಸು ಕಾಗದದಿಂದ ತಲೆಯೆತ್ತದೆ ಕೇಳಿದರು:

“ಹೆಸರೇನಮ್ಮಾ?”

“ಕಾ...” ಅಂದೆ. ನಿಂತಿತು. ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಪಕ್ಕದಲ್ಲಿ ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಪ್ಪನ ತೋರುಬೆರಳು ಅವರ ಮಂಡಿಯ ಮೇಲೆ ಒಂದೇ ಕಡೆ ಒತ್ತಿ ನಿಂತಿತ್ತು. ಹೆಡ್ಮಿಸ್ಸು ಈಗ ತಲೆಯೆತ್ತಿದರು.

“ಕಾವೇರಿನಾ? ಕಾಂಚನಾನಾ?”

ಅವರೂ ಒಳ್ಳೆಯವರೇ, ಸಹಾಯಕ್ಕೇ ಕೇಳಿದ್ದು. ನಾನು ಬಲಗೈ ಎತ್ತಿ ಅಂಗೈಯನ್ನು ಅವರ ಕಡೆಗೆ ಹಿಡಿದೆ. ಆಸ್ಥಾನವನ್ನು ಸುಮ್ಮನಾಗಿಸುವಂತೆ. ಅಮ್ಮನ ಬಳೆಗಳು ಝಲ್ಲೆಂದವು. ಹೆಡ್ಮಿಸ್ಸು ನನ್ನ ಅಂಗೈಯನ್ನೇ ನೋಡಿದರು. ಆಮೇಲೆ ಪೆನ್ನನ್ನು ನಿಧಾನವಾಗಿ ಮೇಜಿನ ಮೇಲಿಟ್ಟು, ಕುರ್ಚಿಗೆ ಒರಗಿ ಕೂತರು. ನಾನು ಗದ್ದ ಮೇಲಿಟ್ಟುಕೊಂಡು ಅವರ ಕಣ್ಣನ್ನೇ ನೋಡುತ್ತ ಕೂತೆ. ಹೆಸರು ಎಲ್ಲೂ ಹೋಗುವುದಿಲ್ಲ, ಅದು ನನ್ನದು, ಅಲ್ಲೇ ಇದೆ ಎಂದುಕೊಂಡೆ. ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ.

“ಕಾ... ಕಾತ್ಯಾ... ಯಿನಿ.”

ಧ್ವನಿ ಚಕ್ರವರ್ತಿಯದಾಗಿರಲಿಲ್ಲ. ತೆಳ್ಳಗೆ, ಒಡೆದುಕೊಂಡು, ನನ್ನದಾಗಿತ್ತು. ಅವರು ಆಮೇಲೆ ಇನ್ನೂ ಏನೇನೋ ಕೇಳಿದರು, ಉಗ್ಗುತ್ತಲೇ ಎಲ್ಲಕ್ಕೂ ಹೇಳಿದೆ, ಒಂದಕ್ಕೂ ಅವಸರ ಮಾಡಲಿಲ್ಲ. ಕೊನೆಗೆ ಅವರು ಅಪ್ಪನ ಕಡೆ ತಿರುಗಿ, “ನನ್ನನ್ನೇ ಸುಮ್ನಿರು ಅಂದ್ಬಿಟ್ಲಲ್ರೀ ನಿಮ್ಮ ಮಗಳು” ಅಂದು ನಕ್ಕರು. “ಶಾಲೆ ಶುರುವಾದ ದಿನವೇ ಕಳಿಸಿ. ತಡ ಮಾಡ್ಬೇಡಿ.”

ಯಾವತ್ತೂ ಆಟೋ ಹತ್ತದ ಅಪ್ಪ ಅವತ್ತು ಗೇಟಿನ ಹೊರಗೆ ಕೈ ಅಡ್ಡ ಹಾಕಿ ಆಟೋ ನಿಲ್ಲಿಸಿದರು. ಇಬ್ಬರೂ ನನ್ನನ್ನು ನಡುವೆ ಕೂರಿಸಿಕೊಂಡರು. ಮೊದಲ ತಿರುವು ದಾಟುತ್ತಿದ್ದಂತೆ ಅಮ್ಮನಿಗೆ ತಡೆಯಲಾಗಲಿಲ್ಲ.

“ಆ ಕೈ ಎತ್ತಿದ್ದು ನೋಡಿದ್ರಾ? ಯಾವ ಪುಸ್ತಕದಲ್ಲಿದೆ ಅದು, ಹೇಳಿ.”

“ಕೈ ಎತ್ತಿದ್ದೇನೋ ಸರಿ. ಆಮೇಲೆ ಕಾದಳಲ್ಲ, ಅದು? ಆ ತಾಳ್ಮೆ ಯಾವ ಟೆಂಟಲ್ಲಿ ತೋರಿಸ್ತಾರೆ?”

“ಟೆಂಟಲ್ಲೇ ನೋಡಿದ್ದು, ನಿನ್ನೆ.”

“ದಿನಾ ಸಂಜೆ ಕೂತು ಓದಿಸಿದ್ದು ಯಾರು?”

“ಓದಿಸಿದ್ರಿ, ಸರಿ. ಆದ್ರೆ ಅಲ್ಲಿ ಹೇಳ್ಸಿದ್ದು...”

“ಅವಳನ್ನೇ ಕೇಳೋಣ” ಅಂದರು ಅಪ್ಪ. “ಹೇಳು ಪುಟ್ಟಿ. ಯಾರಿಂದ ಕಲಿತು ಹೇಳಿದ್ದು ನೀನು? ನನ್ನ ಪುಸ್ತಕದಿಂದಲೋ, ಇವಳ ಸಿನಿಮಾದಿಂದಲೋ?”

ಇಬ್ಬರೂ ನನ್ನ ಮುಖ ನೋಡಿದರು. ಇವತ್ತಾದರೆ ಇಬ್ಬರಿಗೂ ಪಾಲು ಹಂಚಿ, ನಯವಾಗಿ ಉತ್ತರ ಕೊಡುತ್ತಿದ್ದೆನೋ ಏನೋ, ವಕೀಲರ ಬುದ್ಧಿ. ಅವತ್ತು ನನ್ನಲ್ಲಿದ್ದದ್ದು ಒಂದೇ ಉತ್ತರ. ಬಾಯಿ ತೆರೆದೆ, ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಆಟೋ ಗುಂಡಿಗೆ ಬಿದ್ದು ಎದ್ದಿತು. ಅಮ್ಮ ಬಾಯಿ ಹಾಕಲಿಲ್ಲ, ಅಪ್ಪನೂ ಹಾಕಲಿಲ್ಲ. ಇಬ್ಬರೂ ನನಗಾಗಿ ಕಾದರು.

“ಹೇ... ಹೇ... ಹೇಳಿದ್ದು ನಾನು.”